ಮಕ್ಕಳಿಗೆ ಈಜಿಪ್ಟ್ ಟೈಮ್ ಟ್ರಾವೆಲ್ ಕಥೆ ಬರೀತಿದೀನಿ, ಎಲ್ಲೋ ಓದಿದ ಹಾಗಿದೆ ಅಂತಾರೆ, ಏನ್ ಮಾಡ್ಲಿ?

ಬರೆವಬೆರಳು
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೈಕೋಬೇಡಿ. ನನ್ನ ಮಗಳಿಗೆ ಒಂಬತ್ತು ವರ್ಷ, ಅವಳಿಗೆ ರಾತ್ರಿ ಮಲಗೋವಾಗ ಹೇಳ್ತಾ ಹೇಳ್ತಾ ಒಂದು ಕಥೆ ಬೆಳೆದು ಈಗ ಹನ್ನೊಂದು ಅಧ್ಯಾಯ ಆಗಿದೆ. ಶಿರಸಿ ಹತ್ರದ ಹುಡುಗಿ ಚಿನ್ನು, ಅಜ್ಜಿಮನೆ ಅಟ್ಟದಲ್ಲಿ ಅವಳಿಗೊಂದು ಹಳೇ ಗೋಡೆ ಗಡಿಯಾರ ಸಿಗುತ್ತೆ, ಮುಳ್ಳು ಹಿಂದಕ್ಕೆ ತಿರುಗಿಸಿದ್ರೆ ನೇರ ಈಜಿಪ್ಟ್. ಅಲ್ಲಿ ಪಿರಮಿಡ್ ಕಟ್ತಾ ಇರ್ತಾರೆ, ಗುಲಾಮರಿಗೆ ಚಾಟಿ ಏಟು ಬೀಳ್ತಾ ಇರುತ್ತೆ, ಬಾಲರಾಜ ಟುಟಾಂಖಾಮನ್ ಇವಳ ಫ್ರೆಂಡ್ ಆಗ್ತಾನೆ, ಇಬ್ರೂ ಒಂಟೆ ಹತ್ತಿ ಓಡ್ತಾರೆ, ಹಿಂದೆ ಮಮ್ಮಿ ಎದ್ದು ಅಟ್ಟಿಸ್ಕೊಂಡು ಬರುತ್ತೆ. ಮಗಳಿಗೆ ಭಾರೀ ಇಷ್ಟ. ಆದ್ರೆ ಒಂದು ಪತ್ರಿಕೆಗೆ ಕಳ್ಸಿದ್ದೆ, "ಚೆನ್ನಾಗಿದೆ, ಎಲ್ಲೋ ಓದಿದ ಹಾಗಿದೆ" ಅಂತ ಎರಡೇ ಸಾಲು ಬರೆದು ವಾಪಸ್ ಕಳ್ಸಿದ್ರು. ಎರಡು ದಿನ ಮುಖ ಊದಿಸ್ಕೊಂಡಿದ್ದೆ, ಆಮೇಲೆ ನಾನೇ ಓದಿದ್ರೆ ನಂಗೂ ಹಾಗೇ ಅನ್ಸ್ತು. ಎಲ್ಲಿ ಕೆಟ್ಟಿದೆ ಅಂತ ಮುಲಾಜಿಲ್ಲದೆ ಹೇಳಿ.

ಹಳೇಕಲ್ಲು
ಮುಲಾಜಿಲ್ಲದೆ ಅಂದ್ರಲ್ಲ, ಹಾಗಾದ್ರೆ ಕೇಳಿ. ಗೀಜಾದ ದೊಡ್ಡ ಪಿರಮಿಡ್ ಖುಫು ಅನ್ನೋ ರಾಜನ ಕಾಲದ್ದು, ಸುಮಾರು ಕ್ರಿ.ಪೂ. 2560. ನಿಮ್ಮ ಟುಟಾಂಖಾಮನ್ ಸತ್ತಿದ್ದು ಸುಮಾರು ಕ್ರಿ.ಪೂ. 1323ರಲ್ಲಿ. ಮಧ್ಯ ಸಾವಿರದ ಇನ್ನೂರು ವರ್ಷಕ್ಕೂ ಮೇಲೆ. ನಾವು ಇವತ್ತು ಕವಿರಾಜಮಾರ್ಗದ ಕಾಲದ ಬಗ್ಗೆ ಮಾತಾಡ್ತೀವಲ್ಲ, ಹೆಚ್ಚುಕಮ್ಮಿ ಅಷ್ಟು ದೂರ. ಅಂದ್ರೆ ಅವನಿಗೆ ಪಿರಮಿಡ್ ಅನ್ನೋದು ನಮಗೆ ನೃಪತುಂಗ ಇದ್ದ ಹಾಗೆ, ಪುರಾತನ ಕಥೆ. ಅವನ ಕಣ್ಣೆದುರು ಪಿರಮಿಡ್ ಕಟ್ಟಿಸೋದು ಅಂದ್ರೆ ನೃಪತುಂಗನ ಕೈಗೆ ಮೊಬೈಲ್ ಕೊಟ್ಟ ಹಾಗಾಯ್ತು.

ಒಂಟೆನೂ ಬಿಡಿ. ಫೇರೋಗಳ, ಅಂದ್ರೆ ಅಲ್ಲಿನ ರಾಜರ ಕಾಲದಲ್ಲಿ ಸಾಮಾನು ಹೊರ್ತಿದ್ದಿದ್ದು ಕತ್ತೆ, ಒಂಟೆ ದಿನನಿತ್ಯದ ಪ್ರಾಣಿ ಆಗಿದ್ದು ತುಂಬಾ ಆಮೇಲೆ. ಕುದುರೆ ಕೂಡ ಖುಫು ಕಾಲದಲ್ಲಿ ಇರ್ಲಿಲ್ಲ. ಏಷ್ಯಾ ಕಡೆಯಿಂದ ಹಿಕ್ಸೋಸ್ ಜನ ಬಂದ ಕಾಲಕ್ಕೆ ಬಂದಿದ್ದು ಅದು.

ಲಾಜಿಕ್ ಎಲ್ಲಿ ಸ್ವಾಮಿ
ಗಡಿಯಾರ ತಿರುಗಿಸಿ ಮೂರು ಸಾವಿರ ವರ್ಷ ಹಿಂದೆ ಹೋಗೋದು ಓಕೆ, ಒಂಟೆ ಮಾತ್ರ ತಪ್ಪಾ? 😄

ಹಳೇಕಲ್ಲು
ಹೌದು ಸ್ವಾಮಿ. ಸುಳ್ಳು ಒಂದೇ ಇರ್ಬೇಕು, ಅದು ಗಡಿಯಾರ. ಅದನ್ನ ನಂಬಿಸೋಕೆ ಉಳಿದಿದ್ದೆಲ್ಲ ನಿಜ ಇರ್ಬೇಕು. ಅಡಿಗೆಮನೆಯಲ್ಲಿ ಟೊಮ್ಯಾಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ ಇಡ್ಬೇಡಿ, ಅವೆಲ್ಲ ಅಮೆರಿಕದ್ದು. ಚಿನ್ನದ ನಾಣ್ಯದ ಥೈಲಿ ಬೇಡ, ನಾಣ್ಯವೇ ಇರ್ಲಿಲ್ಲ, ಬೆಲೆ ಹೇಳ್ತಿದ್ದಿದ್ದು ತಾಮ್ರದ ತೂಕದಲ್ಲಿ, ಸಂಬಳ ಕೊಡ್ತಿದ್ದಿದ್ದು ಕಾಳಿನಲ್ಲಿ. ಸಕ್ಕರೆ ಬೆಲ್ಲ ಇಲ್ಲ, ಜೇನು ಖರ್ಜೂರ ಇದೆ. ಈರುಳ್ಳಿ ಬೆಳ್ಳುಳ್ಳಿ ಬೇಕಾದಷ್ಟು.

ಪೇಡೆಪ್ರಿಯ
ಗುಲಾಮರು ಚಾಟಿ ಅಂತ ಬರ್ದೀರಲ್ರಿ, ಅದನ್ನ ಮೊದಲ ತೆಗೀರಿ. ಗೀಜಾದಾಗ ಪಿರಮಿಡ್ ಕಟ್ಟಿದವ್ರ ಗೋರಿಗಳು ಸಿಕ್ಕಾವ. 1990ರಾಗ ಒಂದು ಕುದುರೆ ಮುಗ್ಗರಿಸಿ ಕಾಲು ಸಿಕ್ಕಿದ್ದು ಒಂದು ಹಳೇ ಗೋಡಿಗೆ, ಅಗದ್ರ ಕೆಲಸಗಾರರ ಸ್ಮಶಾನ. ರಾಜನ ಪಿರಮಿಡ್ಡಿನ ನೆರಳಾಗ, ಸಂಗಾಟ ರೊಟ್ಟಿ ಬೀರಿನ ಗಡಿಗಿ ಇಟ್ಟು ಮಣ್ಣು ಮಾಡ್ಯಾರ. ಗುಲಾಮರಿಗೆ ಯಾರ್ರೀ ಹಂಗ ಗೋರಿ ಕಟ್ತಾರ? ಹಂಗಂತ ಎಲ್ಲಾರೂ ಖುಷೀಲೆ ಹಾಡ್ಕೋತ ಕಲ್ಲು ಎಳದ್ರು ಅಂತನೂ ಬರೀಬ್ಯಾಡ್ರಿ. ನಮ್ಮ ಅಜ್ಜ ಬಿಟ್ಟಿ ಚಾಕರಿ ಅಂತ ಹೇಳ್ತಿದ್ದ ನೋಡ್ರಿ, ಸರಕಾರ ಕರದಾಗ ಮನಿಗೊಬ್ರು ಹೋಗಿ ದುಡೀಬೇಕು, ಊಟ ಹಾಕ್ತಾರ, ಒಲ್ಲೆ ಅನ್ನಂಗಿಲ್ಲ. ಆ ಥರದ್ದು. ಬಿಟ್ಟಿ ಅಂದ್ರ ನಮ್ಮ ಹಳ್ಳಿ ಹುಡುಗ್ರಿಗೆ ಥಟ್ಟನ ತಿಳೀತೈತಿ, ಗುಲಾಮ ಅಂದ್ರ ಸಿನಿಮಾ ನೆನಪಾಗ್ತೈತಿ.

ಹಳೇಕಲ್ಲು
ಬಿಟ್ಟಿ ಸರಿಯಾದ ಪದ. ಯುದ್ಧದಲ್ಲಿ ಹಿಡಿದು ತಂದ ಗುಲಾಮರು ಈಜಿಪ್ಟಲ್ಲಿ ಇದ್ರು, ಆಮೇಲಿನ ಕಾಲದಲ್ಲಿ ಜಾಸ್ತಿನೇ ಇದ್ರು, ಅದನ್ನ ಮುಚ್ಚಿಡೋದೂ ಬೇಡ. ಆದ್ರೆ ಪಿರಮಿಡ್ ಅಂದ ತಕ್ಷಣ ಚಾಟಿ ಅನ್ನೋದು ತಪ್ಪು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಮೆರೆರ್ ಅನ್ನೋ ಮೇಸ್ತ್ರಿಯ ದಿನಚರಿ ಸಿಕ್ತು, ಖುಫು ಕಾಲದ್ದೇ. ಸುಮಾರು 40 ಜನರ ತಂಡ, ತುರಾದ ಗಣಿಯಿಂದ ಸುಣ್ಣದಕಲ್ಲು ದೋಣಿಗೆ ಹಾಕಿ ಗೀಜಾಕ್ಕೆ ತರೋದು. ಇವತ್ತು ಕಲ್ಲು ತುಂಬಿದ್ವಿ, ರಾತ್ರಿ ಇಲ್ಲಿ ಉಳಿದ್ವಿ, ಇಷ್ಟೇ. ಲಾರಿ ಡ್ರೈವರ್ ಟ್ರಿಪ್ ಶೀಟ್ ಥರ ಇದೆ, ಆದ್ರೆ ಅದ್ರಲ್ಲಿ ಬರೋ ಕಲ್ಲು ಪಿರಮಿಡ್‌ದು ಅಂತ ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ.

ಬರೆವಬೆರಳು
ಅಯ್ಯೋ ಹನ್ನೊಂದು ಅಧ್ಯಾಯದಲ್ಲಿ ಏನೂ ಉಳಿಯಲ್ಲ ಅನ್ಸುತ್ತೆ. ಮಮ್ಮಿನಾದ್ರೂ ಇಟ್ಕೊಳ್ಲಾ?

ಏಳನೇಕ್ಲಾಸ್ ಟೀಚರ್
ಮಮ್ಮಿ ಖಂಡಿತ ಇಟ್ಕೊಳಿ, ಆದ್ರೆ ಎದ್ದು ಓಡೋದು ಬೇಡ. ನನ್ನ ಕ್ಲಾಸಲ್ಲಿ ಈಜಿಪ್ಟ್ ಪಾಠ ಬಂದಾಗ ಮಕ್ಕಳು ಬಾಯಿ ಬಿಟ್ಕೊಂಡು ಕೂರೋದು ಒಂದೇ ಜಾಗದಲ್ಲಿ, ಮೂಗಿನಿಂದ ಕೊಕ್ಕೆ ಹಾಕಿ ಮಿದುಳು ತೆಗೀತಿದ್ರು ಅಂದಾಗ. ಓಡೋ ಮಮ್ಮಿಗಿಂತ ಅದು ಸಾವಿರ ಪಾಲು ಇಂಟ್ರೆಸ್ಟಿಂಗ್ ಅವ್ರಿಗೆ. ಎಪ್ಪತ್ತು ದಿನದ ಕೆಲಸ, ನೇಟ್ರಾನ್ ಅನ್ನೋ ಉಪ್ಪಲ್ಲಿ ಒಣಗಿಸ್ತಿದ್ರು, ಹೃದಯ ಮಾತ್ರ ಒಳಗೇ ಬಿಡ್ತಿದ್ರು ಯಾಕಂದ್ರೆ ಮೇಲೆ ಹೋದ್ಮೇಲೆ ಅದನ್ನ ಒಂದು ಗರಿ ಜೊತೆ ತೂಗ್ತಾರೆ ಅಂತ ನಂಬಿಕೆ. ಹೋದ ವರ್ಷ ಇದನ್ನ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು, ಮಿಸ್ ಹಾಗಾದ್ರೆ ಅವ್ರಿಗೆ ಮಿದುಳು ಯಾಕಿರೋದು ಅಂತ ಗೊತ್ತೇ ಇರ್ಲಿಲ್ವಾ ಅಂದ, ಮುಂದಿನ ಬೆಂಚಿನವಳು ತಿರುಗಿ ನಿಂಗೂ ಗೊತ್ತಿಲ್ವಲ್ಲ ಅಂದ್ಲು, ಆಮೇಲೆ ಪಾಠ ಎಲ್ಲಿ ನಡೀತು.

ಇಬ್ಬರ ತಾಯಿ
ನಂದೊಂದು ಮಾತು. ನಮ್ಮ ಮಾವನವ್ರು ತೀರ್ಕೊಂಡು ಆರು ತಿಂಗ್ಳಾಯ್ತು, ಚಿಕ್ಕವನು ಇನ್ನೂ ರಾತ್ರಿ ತಾತ ಎಲ್ಲಿದಾರೆ ಅಂತಾನೆ. ಅಂಥ ಮಗು ಓದೋವಾಗ ಹೆಣ ಎದ್ದು ಅಟ್ಟಿಸ್ಕೊಂಡು ಬರೋದು ನಂಗೆ ಸರಿಬರಲ್ಲ. ಆದ್ರೆ ಟೀಚರ್ ಹೇಳಿದ ಗರಿ, ತಕ್ಕಡಿ, ಅದನ್ನ ಓದಿ ಹೇಳಬಲ್ಲೆ. ಅವ್ರಿಗೆ ಸತ್ತವರ ಮೇಲೆ ಭಯಕ್ಕಿಂತ ಪ್ರೀತಿ ಜಾಸ್ತಿ ಇತ್ತೇನೋ ಅನ್ಸುತ್ತೆ ನಂಗೆ, ತಪ್ಪಿದ್ರೆ ತಿದ್ದಿ.

ಹಳೇಕಲ್ಲು
ತಿದ್ದಲ್ಲ, ಅದಕ್ಕೊಂದು ಸಾಕ್ಷಿ ಕೊಡ್ತೀನಿ. ಇಷ್ಟು ಹೊತ್ತು ತಪ್ಪು ಹುಡುಕ್ತಿದ್ದೆ, ಈಗ ಕಥೆ ಎಲ್ಲಿದೆ ಅಂತ ಹೇಳ್ತೀನಿ.

ನೈಲ್ ನದಿಯ ಪಶ್ಚಿಮ ದಂಡೆ, ಇವತ್ತಿನ ಲಕ್ಸರ್ ಎದುರು, ಬೆಟ್ಟದ ಸಂದಿಯಲ್ಲಿ ದೇರ್ ಎಲ್-ಮದೀನಾ ಅಂತ ಒಂದು ಊರಿತ್ತು. ರಾಜರ ಕಣಿವೆಯಲ್ಲಿ ಗೋರಿ ಕೊರೆಯೋ ಕಲ್ಲುಕುಟಿಗರು, ಚಿತ್ರಗಾರರು, ಅವರ ಹೆಂಡ್ತಿ ಮಕ್ಕಳು. ಗೋಡೆ ಒಳಗೆ 68ರಷ್ಟು ಮನೆ, ಒಂದಕ್ಕೊಂದು ಅಂಟ್ಕೊಂಡು, ಮಧ್ಯ ಒಂದೇ ಓಣಿ. ಊರಲ್ಲಿ ನೀರಿಲ್ಲ, ಕತ್ತೆ ಮೇಲೆ ಹೊತ್ತು ತರ್ಬೇಕು. ವಾರ ಅಂದ್ರೆ ಹತ್ತು ದಿನ, ಎಂಟು ದಿನ ಕೆಲಸ ಎರಡು ದಿನ ರಜೆ. ಕೆಲಸದ ದಿನ ಗುಡ್ಡದ ಮೇಲೆ ಕಲ್ಲಿನ ಗುಡಿಸಲಲ್ಲೇ ಮಲಗ್ತಿದ್ರು. ಇವರಲ್ಲಿ ಓದು ಬರಹ ಬಲ್ಲವರು ಸುಮಾರು ಜನ, ಪಪೈರಸ್ ಅನ್ನೋ ಜೊಂಡಿನ ಕಾಗದ ದುಬಾರಿ, ಅದಕ್ಕೆ ಕಲ್ಲಿನ ಚಕ್ಕೆ ಮೇಲೆ, ಒಡೆದ ಮಡಕೆ ಮೇಲೆ ಬರೀತಿದ್ರು. ಸಾಲದ ಲೆಕ್ಕ, ಜಗಳ, ಬಟ್ಟೆ ಒಗೆಯೋನಿಗೆ ಕೊಟ್ಟ ಬಟ್ಟೆ ಪಟ್ಟಿ, ಎಲ್ಲ. ಸಾವಿರಗಟ್ಟಲೆ ಸಿಕ್ಕಿದೆ.

ಅದ್ರಲ್ಲಿ ಒಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸುಣ್ಣದಕಲ್ಲಿನ ದೊಡ್ಡ ಚಕ್ಕೆ. ಎರಡನೇ ರಾಮ್ಸೆಸ್ ಆಳ್ವಿಕೆಯ 40ನೇ ವರ್ಷ, ಅಂದ್ರೆ ಸುಮಾರು ಕ್ರಿ.ಪೂ. 1240. ಅದು ಏನು ಗೊತ್ತಾ? ಹಾಜರಿ ಪುಸ್ತಕ! 40 ಜನರ ಹೆಸರು, 280 ದಿನ, ಯಾರ್ಯಾರು ಯಾವತ್ತು ಬರ್ಲಿಲ್ಲ ಅಂತ ಕಪ್ಪು ಮಸಿಯಲ್ಲಿ, ಯಾಕೆ ಬರ್ಲಿಲ್ಲ ಅಂತ ಅದರ ಮೇಲೆ ಕೆಂಪು ಮಸಿಯಲ್ಲಿ ಸಣ್ಣಕೆ. ಕಾಯಿಲೆ. ಕಣ್ಣುನೋವು. ಬೀರ್ ಮಾಡ್ತಿದ್ದ. ತಮ್ಮನ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದ. ಸೆಬಾ ಅನ್ನೋನ ಹೆಸರಿನ ಮುಂದೆ, ಚೇಳು ಕಚ್ಚಿತು.

ಅಷ್ಟೇ. ಮೂರು ಸಾವಿರದ ಇನ್ನೂರು ವರ್ಷದಿಂದ ಅವನ ಬಗ್ಗೆ ಉಳಿದಿರೋ ಸುದ್ದಿ ಚೇಳು ಕಚ್ಚಿತು ಅಂತ. ನಿಮ್ಮ ಚಿನ್ನು ಟುಟಾಂಖಾಮನ್ ಅರಮನೆ ಬಿಟ್ಟು ಈ ಸೆಬಾನ ಮನೆ ಮಾಳಿಗೆ ಮೇಲೆ ಇಳೀಲಿ.

ಏಳನೇಕ್ಲಾಸ್ ಟೀಚರ್
ಲೀವ್ ಲೆಟರ್!! ಮಕ್ಕಳಿಗೆ ಇದಕ್ಕಿಂತ ಹತ್ರದ ವಿಷಯ ಯಾವುದಿದೆ. ಹೊಟ್ಟೆನೋವು ಅಂತ ಎಷ್ಟು ಸಲ ಬರ್ಕೊಂಡು ಬರ್ತಾರೆ.

ಕಡಲತಡಿ
ಬೀರ್ ಮಾಡ್ತಿದ್ದ ಅಂತ ರಜೆ ಉಂಟಾ ಮಾರಾಯ್ರೆ. ನಮ್ಮ ಆಫೀಸಿಗೂ ಆ ಕಾನೂನು ಬರ್ಬೇಕಿತ್ತು.

ಪೇಡೆಪ್ರಿಯ
ಅದೇ ಊರಿನವ್ರು ಸ್ಟ್ರೈಕ್ ಮಾಡ್ಯಾರ್ರಿ! ಅದನ್ನ ಹಾಕ್ರಿ. ಮೂರನೇ ರಾಮ್ಸೆಸ್ಸನ 29ನೇ ವರ್ಷ, ಸಂಬಳದ ಕಾಳು ಬರಲಿಲ್ಲ, ತಿಂಗಳಾಗ 18 ದಿನ ಹೋದ್ವು, ಹೊಟ್ಟಿ ಹಸ್ದೈತಿ ಅಂತ ಹೇಳಿ ಕೆಲಸ ಬಿಟ್ಟು ಬಂದು ಗುಡಿ ಹಿಂದ ಕುಂತಾರ. ಬಟ್ಟಿ ಇಲ್ಲ, ಎಣ್ಣಿ ಇಲ್ಲ, ಮೀನಿಲ್ಲ, ಕಾಯಿಪಲ್ಯ ಇಲ್ಲ, ರಾಜಗ ತಿಳಸ್ರಿ ಅಂತ. ಬರವಣಿಗಿಯೊಳಗ ದಾಖಲಾದ ಸ್ಟ್ರೈಕಿನಾಗ ಇದ ಮೊದಲನೇದು ಅಂತಾರ. ಅಮೆನ್ನಖ್ತ ಅನ್ನೋ ಗುಮಾಸ್ತ ಬರದಿಟ್ಟಾನ, ಆ ಪಪೈರಸ್ ಈಗ ಇಟಲಿಯ ಟ್ಯೂರಿನ್‌ನಾಗೈತಿ.

ಹಳೇಕಲ್ಲು
ಅದು ಸೆಬಾನ ಕಾಲಕ್ಕೆ ಎಂಬತ್ತು ವರ್ಷ ಆಮೇಲೆ ಪೇಡೆಯವ್ರೆ. ಒಂದೇ ಕಥೆಗೆ ತುರುಕಿದ್ರೆ ಮತ್ತೆ ಟುಟಾಂಖಾಮನ್ ಪಿರಮಿಡ್ ಕಥೆನೇ ಆಗುತ್ತೆ. ಎರಡನೇ ಪುಸ್ತಕಕ್ಕೆ ಇಟ್ಕೊಳ್ಳಿ, ಸೆಬಾನ ಮೊಮ್ಮಗನೋ ಮರಿಮಗನೋ ಗುಡಿ ಹಿಂದೆ ಕೂತಿರ್ಲಿ.

ಲಾಜಿಕ್ ಎಲ್ಲಿ ಸ್ವಾಮಿ
ಈಗ ನನ್ನ ಪಾಳಿ. ಟೈಮ್ ಟ್ರಾವೆಲ್ ಕಥೆ ಹಾಳಾಗೋದು ಇತಿಹಾಸ ತಪ್ಪಾಗಿ ಅಲ್ಲ, ರೂಲ್ಸ್ ಇಲ್ದೆ. ಯಾವಾಗ ಬೇಕಾದ್ರೂ ಮುಳ್ಳು ತಿರುಗಿಸಿ ವಾಪಸ್ ಬರಬಹುದು ಅಂದ್ರೆ ಭಯ ಎಲ್ಲಿ? ಚೇಳು ಕಂಡ ತಕ್ಷಣ ಮನೆಗೆ ಬಂದುಬಿಡ್ತಾಳೆ. ಗಡುವು ಬೇಕು. ಇನ್ನೊಂದು, ಅವಳು ಅಲ್ಲಿ ಏನಾದ್ರೂ ಬದಲಾಯಿಸಿದ್ರೆ ಏನಾಗುತ್ತೆ? ಬದಲಾಗುತ್ತೆ ಅಂದ್ರೆ ವಾಪಸ್ ಬಂದಾಗ ಅಜ್ಜಿನೇ ಇಲ್ದಿರಬಹುದು, ಬದಲಾಗಲ್ಲ ಅಂದ್ರೆ ಅವಳು ಹೋಗಿ ಪ್ರಯೋಜನ ಏನು? ದೊಡ್ಡವರ ಕಥೆಯಲ್ಲೂ ಇದಕ್ಕೆ ಉತ್ತರ ಕೊಡದೆ ಜಾರ್ಕೋತಾರೆ.

ಹಳೇಕಲ್ಲು
ಹಾಜರಿ ಕಲ್ಲೇ ಉತ್ತರ ಕೊಡುತ್ತೆ ನೋಡಿ. ಕಲ್ಲಲ್ಲಿ ಇರೋದು ಬದಲಾಗಬಾರದು. ಸೆಬಾಗೆ ಚೇಳು ಕಚ್ಚಲೇಬೇಕು, ಅವತ್ತು ಅವನು ಕೆಲಸಕ್ಕೆ ಹೋಗಲೇಬಾರದು. ಆದ್ರೆ ಚೇಳು ಎಲ್ಲಿಂದ ಬಂತು, ಯಾರನ್ನ ಕಚ್ಚೋಕೆ ಹೋಗಿ ಅವನನ್ನ ಕಚ್ಚಿತು, ಕತ್ತಲಲ್ಲಿ ವೈದ್ಯನನ್ನ ಕರೆಯೋಕೆ ಓಡಿದ್ದು ಯಾರು, ಕಲ್ಲು ಏನೂ ಹೇಳಲ್ಲ. ಆ ಖಾಲಿ ಜಾಗ ಚಿನ್ನುದು. ಅವಳು ಇತಿಹಾಸ ಬದಲಾಯಿಸಲ್ಲ, ಆ ಕೆಂಪು ಮಸಿ ಎರಡು ಪದದ ಹಿಂದೆ ಇರ್ತಾಳೆ.

ಲಾಜಿಕ್ ಎಲ್ಲಿ ಸ್ವಾಮಿ
ಒಪ್ಪಿದೆ. ಇದು ಲಾಜಿಕ್.

ಇಬ್ಬರ ತಾಯಿ
ಚಿನ್ನುನ ಕಚ್ಚಬೇಕಿದ್ದ ಚೇಳು ಅವನನ್ನ ಕಚ್ಚಿದ್ರೆ? ಅವನು ಕೈ ಅಡ್ಡ ಹಿಡಿದಿದ್ದಕ್ಕೆ? ಬರೀತಾ ಬರೀತಾ ನಂಗೇ ಕಣ್ಣು ತುಂಬ್ತು.

ಬರೆವಬೆರಳು
ಕೈ ನಡುಗ್ತಿದೆ, ಒಂದು ನಿಮಿಷ. ಹನ್ನೊಂದೂ ಅಧ್ಯಾಯ ಪಕ್ಕಕ್ಕಿಟ್ಟೆ. ಚೇಳಿಗೆ ಅವರು ಏನು ಮಾಡ್ತಿದ್ರು? ನಮ್ಮ ಅಜ್ಜಿ ಊರಲ್ಲಿ ಚೇಳಿನ ಮಂತ್ರ ಹಾಕೋ ಒಬ್ರಿದ್ರು, ಬೇವಿನ ಸೊಪ್ಪಲ್ಲಿ ಇಳಿ ತೆಗೆಯೋರು.

ಹಳೇಕಲ್ಲು
ಅಲ್ಲೂ ಇದ್ದ! ಆ ಕೆಲಸಗಾರರ ತಂಡದಲ್ಲೇ ಚೇಳು ಮಂತ್ರವಾದಿ ಅಂತ ಒಬ್ಬ, ಅವನಿಗೂ ಕಾಳಿನ ಸಂಬಳ. ಸೆರ್ಕೆತ್ ಅಂತ ದೇವತೆ, ತಲೆ ಮೇಲೆ ಚೇಳು ಇಟ್ಕೊಂಡಿರೋಳು, ಅವಳ ಹೆಸರಲ್ಲಿ ಮಂತ್ರ. ನಿಮ್ಮ ಚಿನ್ನು ಅದನ್ನ ನೋಡಿ ಬೆಚ್ಚಿಬೀಳೋದು ಬೇಡ, ಓ ಇದು ಅಜ್ಜಿ ಊರಿನ ಥರಾನೇ ಅಂದ್ಕೊಳ್ಲಿ. ಆದ್ರೆ ಒಂದು, ಇವತ್ತು ಚೇಳು ಕಚ್ಚಿದ್ರೆ ಮೊದಲು ಆಸ್ಪತ್ರೆ ಅನ್ನೋದು ಎಲ್ಲಾದ್ರೂ ಒಂದು ಕಡೆ ಬರ್ಲಿ, ಓದೋದು ಮಕ್ಕಳು.

ಮೌನ ಓದುಗ
ನಾನು ಯಾವತ್ತೂ ಬರೆಯೋನಲ್ಲ, ಇವತ್ತು ತಡ್ಕೊಳ್ಳೋಕಾಗ್ಲಿಲ್ಲ. ಗೋಡೆ ಗಡಿಯಾರ ತೆಗೀರಿ. ಅಟ್ಟದಲ್ಲಿ ಗಳಿಗೆ ಬಟ್ಟಲು ಇಡಿ. ಹಿಂದೆ ಮದುವೆ ಮುಹೂರ್ತ ನೋಡೋಕೆ ಇಡ್ತಿದ್ರಲ್ಲ, ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆ ತೂತು, ನೀರಿನ ಕೊಳಗದಲ್ಲಿ ತೇಲಿಬಿಟ್ರೆ ನಿಧಾನ ತುಂಬಿ ಮುಳುಗುತ್ತೆ, ಮುಳುಗೋಕೆ ಒಂದು ಗಳಿಗೆ, 24 ನಿಮಿಷ. ನಮ್ಮ ಮನೇಲೂ ಒಂದಿತ್ತು, ನಾನು ಸಣ್ಣವನಿದ್ದಾಗ ಅದರಲ್ಲಿ ಅರಿಶಿನ ಹಾಕಿಡ್ತಿದ್ರು.

ಈಜಿಪ್ಟಿನವರದ್ದೂ ನೀರಿನ ಗಡಿಯಾರವೇ. ಲಕ್ಸರ್ ಹತ್ರದ ಕಾರ್ನಾಕ್‌ನಲ್ಲಿ ಸಿಕ್ಕಿದ್ದು ಮೂರನೇ ಅಮೆನ್‌ಹೋಟೆಪ್ ಕಾಲದ್ದು, ಅಂದ್ರೆ ಸೆಬಾಗಿಂತ ನೂರು ವರ್ಷಕ್ಕೂ ಹಳೇದು. ಕಲ್ಲಿನ ಬೋಗುಣಿ, ಕೆಳಗೆ ತೂತು, ತುಂಬಿದ ನೀರು ಸೋರ್ತಾ ಹೋಗುತ್ತೆ, ಒಳಗಿನ ಗುರುತು ನೋಡಿ ರಾತ್ರಿಯ ಹನ್ನೆರಡು ತಾಸು ಲೆಕ್ಕ ಹಾಕೋದು. ಗಮನಿಸಿ, ನಮ್ಮದರಲ್ಲಿ ನೀರು ಒಳಗೆ ಬರುತ್ತೆ, ಅವರದರಲ್ಲಿ ಹೊರಗೆ ಹೋಗುತ್ತೆ.

ಲಾಜಿಕ್ ಎಲ್ಲಿ ಸ್ವಾಮಿ
ಅಲ್ಲಿ ಸೋರಿದ ನೀರು ಇಲ್ಲಿ ತುಂಬುತ್ತೆ!!! ಅಲ್ಲಿ ಒಂದು ರಾತ್ರಿ, ಇಲ್ಲಿ ಒಂದು ಗಳಿಗೆ. ಬಟ್ಟಲು ಮುಳುಗೋದ್ರೊಳಗೆ ವಾಪಸ್ ಬರ್ಬೇಕು. ಗಡುವು ಸಿಕ್ತು. ಮೌನ ಓದುಗರೇ ನೀವು ಇಷ್ಟು ದಿನ ಯಾಕ್ ಮೌನ?

ಬರೆವಬೆರಳು
ನಾನು ಕೂತಲ್ಲೇ ಕಿರುಚಿದೆ, ಮನೆಯವರು ಓಡಿ ಬಂದ್ರು. ತಗೊಂಡೆ ಸಾರ್, ಬಟ್ಟಲು ನಂದು.

ಇನ್ನೊಂದು ಪ್ರಶ್ನೆ, ಭಾಷೆ. ಮೊದಲಿನ ಕಥೆಯಲ್ಲಿ ಮ್ಯಾಜಿಕ್ಕಿಂದ ಎಲ್ಲ ಕನ್ನಡದಲ್ಲೇ ಕೇಳಿಸುತ್ತೆ ಅಂತ ಬಿಟ್ಟಿದ್ದೆ.

ಏಳನೇಕ್ಲಾಸ್ ಟೀಚರ್
ಬಿಡಿ ಹಾಗೇ. ಮಕ್ಕಳು ಅದನ್ನ ಪ್ರಶ್ನೆನೇ ಮಾಡಲ್ಲ.

ಇಬ್ಬರ ತಾಯಿ
ನಾನು ಒಪ್ಪಲ್ಲ ಟೀಚರ್. ನಾವು ಮದುವೆಯಾದ ಹೊಸದರಲ್ಲಿ ಪುಣೆಗೆ ಹೋದಾಗ ನಂಗೆ ಒಂದಕ್ಷರ ಮರಾಠಿ ಬರ್ತಿರ್ಲಿಲ್ಲ, ಪಕ್ಕದ ಮನೆ ಆಂಟಿ ಕೈಸನ್ನೆಯಲ್ಲೇ ತರಕಾರಿ ಅಂಗಡಿ ತೋರ್ಸಿದ್ರು, ಇವತ್ತಿಗೂ ಫೋನ್ ಮಾಡ್ತಾರೆ. ಭಾಷೆ ಗೊತ್ತಿಲ್ದೆ ಆಗೋ ಸ್ನೇಹದ ರುಚಿನೇ ಬೇರೆ, ಅದನ್ನ ಮ್ಯಾಜಿಕ್ ಹಾಕಿ ಅಳಿಸ್ಬೇಡಿ.

ಹಳೇಕಲ್ಲು
ಅವರ ಬರಹದಲ್ಲಿ ಸ್ವರಗಳನ್ನ ಬರೀತಿರ್ಲಿಲ್ಲ, ವ್ಯಂಜನ ಮಾತ್ರ. ಕಮಲ ಅಂತ ಬರೆಯೋ ಬದಲು ಕ್‌ಮ್‌ಲ್ ಅಂತ ಬರೆದ ಹಾಗೆ, ಕಮಲನೋ ಕೋಮಲನೋ ಓದೋನಿಗೆ ಬಿಟ್ಟಿದ್ದು. ಹಾಗಾಗಿ ನಾವೀಗ ರಾಮ್ಸೆಸ್ ಅಂತ ಕೂಗಿದ್ರೆ ಅವನು ತಿರುಗಿ ನೋಡ್ತಾನೆ ಅನ್ನೋ ಗ್ಯಾರಂಟಿ ಇಲ್ಲ. ಈಗಿನ ಟರ್ಕಿ ಕಡೆ ಆಳ್ತಿದ್ದ ಹಿಟ್ಟೈಟರ ಜೊತೆ ಓಡಾಡಿದ ಪತ್ರಗಳು ಸ್ವರನೂ ಬರೆಯೋ ಕ್ಯೂನಿಫಾರ್ಮ್ ಲಿಪಿಯಲ್ಲಿವೆ, ಅವುಗಳಲ್ಲಿ ಅವನ ಹೆಸರು ರಿಯಮಶೇಶ ಅನ್ನೋ ಥರ ಇದೆ. ಚಿನ್ನು ಪುಸ್ತಕ ಓದಿ ಜಂಬದಿಂದ ರಾಮ್ಸೆಸ್ ಅಂದ್ರೆ ಯಾರಿಗೂ ಅರ್ಥ ಆಗ್ದೆ ಇರೋದು ಒಳ್ಳೇ ತಮಾಷೆ ಆಗುತ್ತೆ.

ಆದ್ರೆ ಒಂದು ಪದ ಮೊದಲ ಸಲಕ್ಕೇ ಅರ್ಥ ಆಗುತ್ತೆ. ಬೆಕ್ಕಿಗೆ ಅವರು ಅನ್ನೋದು ಮಿಯು.

ಏಳನೇಕ್ಲಾಸ್ ಟೀಚರ್
ಸೋತೆ. ಮಿಯು ಮುಂದೆ ನಂದೇನೂ ನಡೆಯಲ್ಲ.

ಕಡಲತಡಿ
ನೀವೆಲ್ಲ ಒಂದು ಮರ್ತಿದ್ದೀರಿ. ಈಜಿಪ್ಟಿನಲ್ಲಿ ಕನ್ನಡವೇ ಸಿಕ್ಕಿದೆ ಅಲ್ವಾ! ಆಕ್ಸಿರಿಂಕಸ್ ಅನ್ನುವ ಊರಿನ ಕಸದ ದಿಬ್ಬದಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನ. ಚಾರಿಶನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಂದು ದೇವಸ್ಥಾನದಲ್ಲಿ ಸಿಕ್ಕಿ ಬಿದ್ದಿದ್ದಾಳೆ, ಅಲ್ಲಿಯ ರಾಜನಿಗೆ ಚೆನ್ನಾಗಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವುದು ಕಥೆ. ಅದರಲ್ಲಿ ಆ ರಾಜನ ಕಡೆಯವರು ಆಡುವ ಮಾತು ಕನ್ನಡ ಅಂತ ಹುಲ್ಚ್ ಅನ್ನುವ ಜರ್ಮನ್ ವಿದ್ವಾಂಸ 1904ರಲ್ಲೇ ಹೇಳಿದ್ದು. "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಒಂದು ಸಾಲನ್ನು ಓದಿದ್ದರು. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಎಲ್ಲ ಅದರ ಬಗ್ಗೆ ಬರೆದಿದ್ದಾರೆ. ಚಿನ್ನು ಅಲ್ಲಿಗೆ ಹೋದರೆ ಮ್ಯಾಜಿಕ್ಕೇ ಬೇಡ.

ಹಳೇಕಲ್ಲು
ಬಹಳ ಚೆಂದದ ವಿಷಯ, ಆದ್ರೆ ಎರಡು ತೊಡಕು. ಅದು ಕ್ರಿ.ಶ. 2ನೇ ಶತಮಾನದ್ದು, ರೋಮನ್ನರ ಕಾಲ, ರಾಮ್ಸೆಸ್ ಸತ್ತು ಸಾವಿರದ ಮುನ್ನೂರು ವರ್ಷ ದಾಟಿರುತ್ತೆ. ಇನ್ನೊಂದು, ಅದು ಕನ್ನಡವೇ ಅನ್ನೋದನ್ನ ಎಲ್ಲರೂ ಒಪ್ಪಿಲ್ಲ, ತುಳು ಅನ್ನೋ ವಾದ ಇದೆ, ನಾಟಕಕ್ಕೆ ಕಟ್ಟಿದ ಅರ್ಥವಿಲ್ಲದ ತೊದಲು ಅನ್ನೋರೂ ಇದಾರೆ. ಮಕ್ಕಳಿಗೆ ಖಚಿತ ಸತ್ಯ ಅಂತ ಹೇಳ್ಬೇಡಿ.

ಕಡಲತಡಿ
ತುಳು ಆದ್ರೂ ನಂಗೆ ಲಾಭವೇ 😌

ಬರೆವಬೆರಳು
ಮೂರನೇ ಪುಸ್ತಕಕ್ಕೆ ಬರ್ಕೊಂಡೆ. ಮಧು ಅನ್ನೋದನ್ನ ಜೇನು ಅಂತ ಮಾಡ್ಬೋದು, ಮಕ್ಕಳಿಗೆ.

ಈಗ ನನ್ನ ಒಂದು ಐಡಿಯಾ ಹೇಳ್ತೀನಿ, ಇದು ಬಂದು ನಿನ್ನೆ ರಾತ್ರಿ ನಿದ್ದೆ ಬಂದಿಲ್ಲ. ಎರಡನೇ ರಾಮ್ಸೆಸ್ ಮಮ್ಮಿಯ ಮೂಗಿನ ಹೊಳ್ಳೆಯಲ್ಲಿ ಕಾಳುಮೆಣಸು ಸಿಕ್ಕಿದೆಯಂತೆ! ಅವನು ಸತ್ತಿದ್ದು ಕ್ರಿ.ಪೂ. 1213. ಕಾಳುಮೆಣಸು ಅಂದ್ರೆ ನಮ್ಮ ಪಶ್ಚಿಮಘಟ್ಟದ ಬಳ್ಳಿ. ನಮ್ಮ ಚಿನ್ನು ಶಿರಸಿಯವಳು, ಶೀತಕ್ಕೆ ಕಷಾಯ ಮಾಡೋಕೆ ಅಜ್ಜಿ ಕೊಟ್ಟ ನಾಲ್ಕು ಕಾಳು ಲಂಗದ ಗಂಟಲ್ಲಿ ಇರುತ್ತೆ, ಅದನ್ನ ಸೆಬಾಗೆ ಕೊಟ್ಟು ಬರ್ತಾಳೆ, 27 ವರ್ಷ ಆದ್ಮೇಲೆ ಅದು ರಾಜನ ಮೂಗಿಗೆ ಹೋಗುತ್ತೆ. ಹೇಗಿದೆ??

ಇಬ್ಬರ ತಾಯಿ
ಅಬ್ಬಾ ಸೂಪರ್

ಲಾಜಿಕ್ ಎಲ್ಲಿ ಸ್ವಾಮಿ
ರೂಲ್ ಮುರಿಯಲ್ಲ, ದಾಖಲೆ ಹಾಗೇ ಇರುತ್ತೆ. ನಂದು ಪಾಸ್.

ಮೌನ ಓದುಗ
ನಂದು ಫೇಲ್. ಕ್ಷಮಿಸಿ. ಮೆಣಸು ಅಲ್ಲಿಗೆ ಹೋಗಿದ್ದು ಯಾರೋ ಕಾಡಲ್ಲಿ ಕೊಯ್ದು, ಯಾರೋ ಒಣಗಿಸಿ, ಯಾರೋ ದೋಣಿಗೆ ಹಾಕಿ, ಎಷ್ಟು ಕೈ ದಾಟಿ ಹೋಗಿರ್ಬೇಕು. ಆ ಜನರ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ. ಸೆಬಾಗೆ ಕನಿಷ್ಠ ಚೇಳು ಕಚ್ಚಿದ್ದಾದ್ರೂ ಬರೆದಿಟ್ರು. ಇವರದ್ದು ಅಷ್ಟೂ ಇಲ್ಲ. ಅಷ್ಟು ಜನರ ಕೆಲಸವನ್ನ ಟೈಮ್ ಟ್ರಾವೆಲ್ ಮಾಡಿದ ಒಂದು ಹುಡುಗಿ ಲಂಗಕ್ಕೆ ಕಟ್ಟಿಬಿಟ್ರೆ ನಂಗೆ ಯಾಕೋ ಸಂಕಟ ಆಗುತ್ತೆ.

ಪೇಡೆಪ್ರಿಯ
ಖರೇ ಮಾತು. ಮತ್ತ ನಮ್ಮವ್ರೇ ಎಲ್ಲಾ ಮಾಡಿದ್ದು ಅನ್ನೋ ವಾಟ್ಸಾಪ್ ಫಾರ್ವರ್ಡ್ ಆಗ್ತೈತ್ರಿ ಅದು.

ಬರೆವಬೆರಳು
ಮೊದಲು ಸ್ವಲ್ಪ ಸಿಟ್ಟು ಬಂತು ಮೌನ ಓದುಗರೇ, ಚಹಾ ಕುಡಿದ್ಮೇಲೆ ಹೋಯ್ತು. ಸರಿ, ಮೆಣಸು ಗಂಟಲ್ಲೇ ವಾಪಸ್ ಬರ್ಲಿ. ಕೊಡೋಕೆ ಕೈ ಚಾಚ್ತಾಳೆ, ಅಷ್ಟರಲ್ಲಿ ಬೋಗುಣಿಯ ನೀರು ಮುಗಿಯುತ್ತೆ. ಮನೆಗೆ ಬಂದು ಮುಂದೆ ಯಾವತ್ತೋ ಆ ಮೂಗಿನ ಸುದ್ದಿ ಓದ್ತಾಳೆ, ಹಾಗಾದ್ರೆ ಯಾರು ತಗೊಂಡು ಹೋದ್ರು ಅಂತ ಅಜ್ಜಿನ ಕೇಳ್ತಾಳೆ.

ಮೊದಲ ಪುಟ ಹೀಗೆ ಬರೆದಿದೀನಿ, ಹೊಡೀರಿ:

"ಕಾಲಿಗೆ ತಗುಲಿದ್ದು ಅಟ್ಟದ ಹಲಗೆಯಲ್ಲ, ಬಿಸಿಲು ಕುಡಿದ ಮಣ್ಣು. ರಾತ್ರಿಯಾದರೂ ಮಾಳಿಗೆ ಇನ್ನೂ ಬೆಚ್ಚಗಿತ್ತು. ಚಿನ್ನು ಉಸಿರು ಬಿಗಿಹಿಡಿದು ಕೂತಳು. ಪಕ್ಕದ ಮಾಳಿಗೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು, ಥೇಟ್ ದೊಡ್ಡಪ್ಪನ ಹಾಗೆ. ಕೆಳಗೆ ಓಣಿಯಲ್ಲಿ ಒಂದು ಕತ್ತೆ ಕೆನೆಯಿತು. ಮೂಲೆಯಲ್ಲಿ ಒಂದು ದೀಪ, ಹತ್ತಿ ಬತ್ತಿ ಚಟಚಟ ಅನ್ನುತ್ತಿತ್ತು. ದೀಪದ ಆ ಕಡೆ ಒಬ್ಬ ಹುಡುಗ. ತಲೆಯೆಲ್ಲ ಬೋಳು, ಒಂದು ಪಕ್ಕಕ್ಕೆ ಮಾತ್ರ ಜಡೆ. ಅವನು ಕಿರುಚಲಿಲ್ಲ. ಅವಳೂ ಕಿರುಚಲಿಲ್ಲ. ಇಬ್ಬರ ಮಧ್ಯೆ ಒಂದು ಬೆಕ್ಕು ಬಂದು ಕೂತು ಆಕಳಿಸಿತು. ಹುಡುಗ ಬೆರಳು ತೋರಿಸಿ ಪಿಸುಗುಟ್ಟಿದ, ಮಿಯು."

ಇಬ್ಬರ ತಾಯಿ
ದೊಡ್ಡಪ್ಪನ ಗೊರಕೆ 😂 ಇದೇ ಇದೇ. ಇದು ಎಲ್ಲೂ ಓದಿದ ಹಾಗಿಲ್ಲ.

ಹಳೇಕಲ್ಲು
ಜಡೆ ಸರಿ, ಮಕ್ಕಳಿಗೆ ಹಾಗೇ ಬಿಡ್ತಿದ್ರು. ಮಾಳಿಗೆ ಸರಿ. ಕತ್ತೆ ಕೆನೆಯಲ್ಲ ಮೇಡಂ, ಅರಚುತ್ತೆ. ಹತ್ತಿ ಬತ್ತಿ ತಪ್ಪು. ಅಲ್ಲಿ ಆಗ ಹತ್ತಿ ಇಲ್ಲ, ಎಲ್ಲ ಅಗಸೆ ನಾರಿನ ಬಟ್ಟೆ. ಹಳೇ ನಾರುಬಟ್ಟೆ ಹರಿದು ಹೊಸೆದ ಬತ್ತಿ, ಕೊಬ್ಬೋ ಎಣ್ಣೆಯೋ ಸವರಿದ್ದು. ಗೋರಿ ಕೊರೆಯೋರಿಗೆ ದಿನಕ್ಕೆ ಇಷ್ಟು ಬತ್ತಿ ಅಂತ ಎಣಿಸಿ ಕೊಟ್ಟು ಅದನ್ನೂ ಕಲ್ಲಿನ ಮೇಲೆ ಬರೆದಿಡ್ತಿದ್ರು. ಹತ್ತಿ ಇರೋದು ಒಂದೇ ಕಡೆ, ಚಿನ್ನು ಲಂಗದಲ್ಲಿ. ಆ ಹುಡುಗ ಮೊದಲು ಮುಟ್ಟಿ ನೋಡೋದು ಅದನ್ನೇ ಆಗ್ಲಿ.

ಬರೆವಬೆರಳು
ತಿದ್ದಿದೆ. ಕತ್ತೆನೂ ತಿದ್ದಿದೆ. ನಿನ್ನೆ ರಾತ್ರಿ ಮಗಳಿಗೆ ಓದಿ ಹೇಳಿದೆ, ಓಡೋ ಮಮ್ಮಿ ಎಲ್ಲಿ ಅಂತ ಒಂದ್ಸಲನೂ ಕೇಳ್ಲಿಲ್ಲ. ಕೇಳಿದ್ದು ಒಂದೇ, ಬೆಕ್ಕಿನ ಹೆಸರೇನು ಅಂತ.

ಹಳೇಕಲ್ಲು
ನಾಯಿಗಳಿಗೆ ಹೆಸರಿಟ್ಟಿದ್ದು ತುಂಬಾ ಸಿಗುತ್ತೆ, ಬೆಕ್ಕಿಗೆ ತೀರಾ ಅಪರೂಪ. ಮಿಯು ಅಂತಲೇ ಬಿಡಿ.

ಬರೆವಬೆರಳು
ತಡ ಆಯ್ತು, ಅವಳು ಇಟ್ಟಾಗಿದೆ. ಚೇಳಪ್ಪ.